ಕನ್ನಡಿಯಲ್ಲಿ ಯಾರೂ ಇರಲಿಲ್ಲ, ಆ ಬೈಕ್ ಬಂದದ್ದೆಲ್ಲಿಂದ?

ಪ್ರಶ್ನೆ: ನಾವು ಮುಲುಂಡಿನಲ್ಲಿದ್ದೇವೆ, ಊರು ಕುಂದಾಪುರದ ಕಡೆ. ಲೈಸೆನ್ಸ್ ಸಿಕ್ಕಿ ಬಹಳ ವರ್ಷವಾದರೂ ನಾನು ಕಾರು ಓಡಿಸಲು ಶುರು ಮಾಡಿದ್ದು ಈಚೆಗೆ. ಹೋದ ವಾರ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಘಾಟ್‌ಕೋಪರ್ ಹತ್ತಿರ ಸರ್ವಿಸ್ ರೋಡಿಗೆ ಇಳಿಯಬೇಕಿತ್ತು. ಎಡಗಡೆ ಕನ್ನಡಿ ನೋಡಿದೆ, ಯಾರೂ ಇರಲಿಲ್ಲ. ಇಂಡಿಕೇಟರ್ ಹಾಕಿ ಎಡಕ್ಕೆ ಎಳೆದೆ. ಅಷ್ಟರಲ್ಲಿ ಒಂದು ಬೈಕ್ ನನ್ನ ಕನ್ನಡಿಗೆ ತಾಗಿಕೊಂಡೇ ಮುಂದೆ ಹೋಯಿತು. ಬೈಕಿನವನು ಬೀಳಲಿಲ್ಲ, ದೇವರು ದೊಡ್ಡವನು. ಅವತ್ತಿನಿಂದ ಲೇನ್ ಬದಲಿಸಬೇಕು ಅಂದರೆ ಕೈ ನಡುಗುತ್ತದೆ. ಡ್ರೈವಿಂಗ್ ಸ್ಕೂಲಿನಲ್ಲಿ ‘ಕಣ್ಣು ಮುಂದೆ ಇರಲಿ, ಕತ್ತು ತಿರುಗಿಸಲೇಬೇಡಿ’ ಅಂತ ಕಲಿಸಿದ್ದರು. ಯಜಮಾನರು ‘ತಿರುಗಿ ನೋಡಬೇಕಿತ್ತು’ ಅನ್ನುತ್ತಾರೆ. ಯಾವುದು ಸರಿ? ಮುಂದಿನ ತಿಂಗಳು ಪುಣೆಯಲ್ಲಿ ತಂಗಿಯ ಮನೆಗೆ ಹೋಗುವುದಿದೆ. ಎಕ್ಸ್‌ಪ್ರೆಸ್‌ವೇಯಲ್ಲಿ ನಾನೇ ಓಡಿಸಬೇಕು ಅಂತ ಆಸೆ.

ಉತ್ತರ: ಕೈ ನಡುಗುವುದು ಸಹಜ. ಅದಕ್ಕಾಗಿ ಓಡಿಸುವುದನ್ನು ಮಾತ್ರ ಬಿಡಬೇಡಿ. ನೀವು ಕನ್ನಡಿ ನೋಡಿದ್ದಿರಿ, ಇಂಡಿಕೇಟರ್ ಹಾಕಿದ್ದಿರಿ. ಇವೆರಡನ್ನೂ ಮಾಡದೆ ಕಟ್ ಹೊಡೆಯುವವರನ್ನು ಈ ಊರಿನಲ್ಲಿ ದಿನಾ ನೋಡುತ್ತೇನೆ. ಆದರೂ ಹೀಗಾಯಿತು ಅಂದರೆ ಕನ್ನಡಿ ಕೂರಿಸಿದ ರೀತಿಯಲ್ಲಿ ಏನೋ ಇದೆ, ಅಥವಾ ಎಡಕ್ಕೆ ಎಳೆಯುವ ಮುಂಚಿನ ಮೂರು ನಾಲ್ಕು ಸೆಕೆಂಡಿನಲ್ಲಿ ಏನೋ ತಪ್ಪಿದೆ. ಎರಡನ್ನೂ ಸರಿ ಮಾಡಿಕೊಳ್ಳಬಹುದು.

ಆ ಬೈಕ್ ಎಲ್ಲಿಂದಲೋ ಧುತ್ತಂತ ಬಂದದ್ದಲ್ಲ. ನನ್ನ ಪ್ರಕಾರ ಮೂರರಲ್ಲಿ ಒಂದಾಗಿರಬೇಕು. ಮೊದಲನೆಯದು, ಅವನು ಆಗಲೇ ನಿಮ್ಮ ಕಾರಿನ ಹಿಂದಿನ ಬಾಗಿಲ ಪಕ್ಕದಲ್ಲಿ, ಹೆಚ್ಚುಕಮ್ಮಿ ನಿಮ್ಮದೇ ವೇಗದಲ್ಲಿ ಬರುತ್ತಿದ್ದ. ಆ ಜಾಗ ಒಳಗಿನ ಕನ್ನಡಿಗೂ ಕಾಣುವುದಿಲ್ಲ, ಹೊರಗಿನ ಕನ್ನಡಿಗೂ ಕಾಣುವುದಿಲ್ಲ, ಮುಂದೆ ನೋಡುತ್ತಿರುವ ನಿಮ್ಮ ಕಣ್ಣಂಚಿಗೂ ಸಿಗುವುದಿಲ್ಲ. ಬ್ಲೈಂಡ್ ಸ್ಪಾಟ್ ಅನ್ನುವುದು ಇದನ್ನೇ. ಎಡಗಡೆ ಇದು ಇನ್ನೂ ಕಷ್ಟ, ಯಾಕೆಂದರೆ ಆ ಕನ್ನಡಿ ನಿಮ್ಮಿಂದ ದೂರ. ಮಧ್ಯೆ ಪಕ್ಕದ ಸೀಟು, ಅದರಲ್ಲಿ ಕೂತವರು, ಬಾಗಿಲ ನಡುವಿನ ಕಂಬ ಎಲ್ಲ ಅಡ್ಡ ಬರುತ್ತವೆ.

ಎರಡನೆಯದು, ನೀವು ನೋಡಿದಾಗ ಅವನು ಕನ್ನಡಿಯಲ್ಲಿ ಇದ್ದ, ಆದರೆ ಚಿಕ್ಕದಾಗಿ, ದೂರದಲ್ಲಿ. ನೀವು 40ರಲ್ಲಿ, ಅವನು 60ರಲ್ಲಿ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 5.5 ಮೀಟರ್ ಹತ್ತಿರ ಬರುತ್ತಾನೆ. ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಮುಂದಿನ ರಿಕ್ಷಾ ಏನು ಮಾಡುತ್ತಿದೆ ಅಂತ ಗಮನಿಸಿ, ಆಮೇಲೆ ಸ್ಟೇರಿಂಗ್ ತಿರುಗಿಸುವಷ್ಟರಲ್ಲಿ ಮೂರು ಸೆಕೆಂಡ್ ಹೋಗಿರುತ್ತದೆ. ಅಷ್ಟರಲ್ಲಿ ಅವನು 16 ಮೀಟರ್ ಹತ್ತಿರ ಬಂದಾಯಿತು. ನಾಲ್ಕು ಕಾರು ಸಾಲಾಗಿ ನಿಲ್ಲುವಷ್ಟು ಜಾಗ ಅದು. ನೀವು ನೋಡಿದ ಚಿತ್ರ ಹಳೆಯದಾಗಿತ್ತು, ಅಷ್ಟೇ.

ಮೂರನೆಯದು ಜನ ನಂಬುವುದೇ ಇಲ್ಲ. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರ್ರನೆ ಹೊರಳುವಾಗ ಆ ಗಳಿಗೆಯಲ್ಲಿ ನಮಗೆ ಸರಿಯಾಗಿ ಏನೂ ಕಾಣುವುದಿಲ್ಲ. ಮಿದುಳು ಆ ಮಸುಕನ್ನು ಮುಚ್ಚಿಬಿಡುತ್ತದೆ, ನಾವು ಎಲ್ಲ ನೋಡಿದೆವು ಅಂದುಕೊಳ್ಳುತ್ತೇವೆ. ಕಾರಿನಷ್ಟು ದೊಡ್ಡದು ಹಾಗೆ ತಪ್ಪಿಹೋಗುವುದು ಕಡಿಮೆ. ಬೈಕ್ ತಪ್ಪಿಹೋಗುತ್ತದೆ. ಅದಕ್ಕೇ ಕನ್ನಡಿಯ ಮೇಲೆ ಕಣ್ಣು ಹಾಯಿಸಿದರೆ ಸಾಲದು, ಅರೆಗಳಿಗೆ ಅಲ್ಲಿ ನಿಲ್ಲಿಸಬೇಕು. ನಾನು ಕಲಿಸುವಾಗ ‘ಕನ್ನಡಿಯಲ್ಲಿ ಏನಿದೆ ಹೇಳಿ’ ಅಂತ ಕೇಳುತ್ತೇನೆ. ‘ಬಿಳಿ ಕಾರು, ಅದರ ಹಿಂದೆ ಟೆಂಪೋ’ ಅಂತ ಹೇಳಬೇಕಾದರೆ ಕಣ್ಣು ನಿಲ್ಲಲೇಬೇಕು. ನೀವೂ ಒಂದಷ್ಟು ದಿನ ಹೀಗೆ ಬಾಯಿಬಿಟ್ಟು ಹೇಳಿಕೊಳ್ಳಿ. ಕಾರಿನೊಳಗೆ ಯಾರು ಕೇಳಿಸಿಕೊಂಡರೂ ಪರವಾಗಿಲ್ಲ.

ಇನ್ನು ಕನ್ನಡಿ ಕೂರಿಸುವ ವಿಷಯ. ಇದನ್ನು ಸೊಸೈಟಿಯ ಪಾರ್ಕಿಂಗಿನಲ್ಲಿ, ಕಾರು ನಿಂತಿರುವಾಗಲೇ ಮಾಡಿ. ಮೊದಲು ಸೀಟು ಸರಿ ಮಾಡಿಕೊಳ್ಳಿ, ಯಾಕೆಂದರೆ ಸೀಟು ಒಂದಿಂಚು ಹಿಂದೆ ಮುಂದೆ ಆದರೂ ಕನ್ನಡಿಯ ಲೆಕ್ಕವೆಲ್ಲ ಬದಲಾಗುತ್ತದೆ. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣಲಿ. ಆಮೇಲೆ ನಿಮ್ಮ ಎಡಗಡೆ ಕನ್ನಡಿ ನೋಡಿ. ನಿಮ್ಮ ಕಾರಿನ ಬಾಗಿಲೇ ಅದರ ಕಾಲು ಭಾಗ ತುಂಬಿಕೊಂಡಿದೆ, ಅಲ್ವಾ? ಬಹುತೇಕ ಎಲ್ಲರೂ ಹಾಗೇ ಇಟ್ಟುಕೊಂಡಿರುತ್ತಾರೆ. ನಮ್ಮ ಕಾರಿನ ಬಾಗಿಲು ನಮಗೆ ಢಿಕ್ಕಿ ಹೊಡೆಯುವುದಿಲ್ಲ. ಆ ಜಾಗದಲ್ಲಿ ಪಕ್ಕದ ಲೇನ್ ಕಾಣಬೇಕಿತ್ತು.

ಅಮೆರಿಕದ ಎಂಜಿನಿಯರ್ ಜಾರ್ಜ್ ಪ್ಲಾಟ್ಜರ್ 1995ರಲ್ಲಿ ಇದರ ಲೆಕ್ಕ ಹಾಕಿ ಒಂದು ಸುಲಭದ ಉಪಾಯ ತೋರಿಸಿಕೊಟ್ಟರು. ನಮ್ಮ ಬಲಗಡೆ ಸ್ಟೇರಿಂಗಿಗೆ ಹೊಂದಿಸಿ ಹೇಳುತ್ತೇನೆ. ನಿಮ್ಮ ತಲೆಯನ್ನು ಬಲಗಡೆ ಕಿಟಕಿ ಗಾಜಿಗೆ ತಾಗುವಷ್ಟು ವಾಲಿಸಿ. ಆ ಭಂಗಿಯಲ್ಲಿ ಬಲಗಡೆ ಕನ್ನಡಿಯ ಒಳ ಅಂಚಿನಲ್ಲಿ ನಿಮ್ಮ ಕಾರಿನ ಮೈ ಚೂರೇ ಚೂರು ಕಾಣುವಷ್ಟು ಕನ್ನಡಿಯನ್ನು ಹೊರಗೆ ತಿರುಗಿಸಿ. ಆಮೇಲೆ ತಲೆಯನ್ನು ಎರಡು ಸೀಟುಗಳ ನಡುವಿಗೆ ತನ್ನಿ. ಎಡ ಕನ್ನಡಿಯನ್ನೂ ಹಾಗೇ, ಕಾರಿನ ಮೈ ಚೂರು ಕಾಣುವಷ್ಟು ಹೊರಗೆ ತಿರುಗಿಸಿ. ಈಗ ನೆಟ್ಟಗೆ ಕೂತರೆ ಹೊರಗಿನ ಕನ್ನಡಿಗಳಲ್ಲಿ ನಿಮ್ಮ ಕಾರು ಕಾಣುವುದೇ ಇಲ್ಲ. ಒಳಗಿನ ಕನ್ನಡಿಯ ನೋಟ ಮುಗಿಯುವಲ್ಲಿ ಅವುಗಳ ನೋಟ ಶುರುವಾಗುತ್ತದೆ.

ಮೊದಲ ವಾರ ಇದು ವಿಚಿತ್ರ ಅನ್ನಿಸುತ್ತದೆ. ಕಾರಿನ ಮೈ ಕಾಣದೆ ದಿಕ್ಕೇ ತಪ್ಪಿದ ಹಾಗಾಗುತ್ತದೆ ಅಂತ ಹಲವರು ಮತ್ತೆ ಹಳೆಯ ರೀತಿಗೇ ತಿರುಗಿಸಿಬಿಡುತ್ತಾರೆ. ಎರಡು ವಾರ ತಡೆದುಕೊಳ್ಳಿ. ಗಲ್ಲಿಯಲ್ಲಿ ಗೋಡೆಗೆ ತಾಗುತ್ತದೇನೋ ಅನ್ನಿಸಿದರೆ, ರಿವರ್ಸ್ ಹಾಕುವಾಗ ಕಂಬ ಕಾಣಬೇಕಾದರೆ, ತಲೆಯನ್ನು ಆ ಕಡೆಗೆ ಸ್ವಲ್ಪ ವಾಲಿಸಿ. ಕಾರಿನ ಮೈ ಕಾಣುತ್ತದೆ.

ಸರಿಯಾಗಿ ಕೂತಿದೆಯಾ ಅಂತ ಪರೀಕ್ಷೆ ಮಾಡಲು ಯಜಮಾನರನ್ನು ಕರೆಯಿರಿ. ನೀವು ಸೀಟಿನಲ್ಲಿ ಕೂತಿರಿ. ಅವರು ಕಾರಿನ ಹಿಂದೆ ಸುಮಾರು ದೂರದಿಂದ ಶುರು ಮಾಡಿ, ಎಡಗಡೆ ಒಂದು ಬೈಕ್ ಹೋಗುವಷ್ಟು ಜಾಗ ಬಿಟ್ಟು, ನಿಧಾನವಾಗಿ ಮುಂದಕ್ಕೆ ನಡೆದು ಬರಲಿ. ಮೊದಲು ಒಳಗಿನ ಕನ್ನಡಿಯಲ್ಲಿ ಕಾಣುತ್ತಾರೆ. ಅಲ್ಲಿಂದ ಮಾಯವಾಗುವ ಮುಂಚೆಯೇ ಎಡ ಕನ್ನಡಿಗೆ ಬರಬೇಕು. ಎಡ ಕನ್ನಡಿಯಿಂದಲೂ ಮಾಯವಾಗುವ ಜಾಗ ಒಂದಿರುತ್ತದೆ. ಅಲ್ಲಿ ‘ನಿಲ್ಲಿ’ ಅನ್ನಿ. ಈಗ ಕತ್ತು ತಿರುಗಿಸಿ ಅವರು ಎಲ್ಲಿ ನಿಂತಿದ್ದಾರೆ ನೋಡಿಕೊಳ್ಳಿ. ನಿಮ್ಮ ಕಾರಿಗೆ, ನಿಮ್ಮ ಎತ್ತರಕ್ಕೆ, ನಿಮ್ಮ ಸೀಟಿಗೆ ಅದೇ ಬ್ಲೈಂಡ್ ಸ್ಪಾಟ್. ಘಾಟ್‌ಕೋಪರಿನ ಬೈಕ್ ಬಹುಶಃ ಅಲ್ಲೇ ಇತ್ತು. ಹೀಗೆ ಒಂದು ಸಲ ಕಣ್ಣಾರೆ ನೋಡಿದವರು ಆ ಜಾಗವನ್ನು ಮರೆಯುವುದಿಲ್ಲ. ಇದನ್ನು ಮಾಡದೆ ಬಿಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಎಡ ಕನ್ನಡಿಯ ಬಗ್ಗೆ ಇನ್ನೊಂದು ವಿಷಯ ತಿಳಿದಿರಬೇಕು. ಅದು ಉಬ್ಬು ಗಾಜು. ಫ್ಲ್ಯಾಟಿನ ಬಾಗಿಲ ತೂತಿನಲ್ಲಿ ನೋಡಿದ ಹಾಗೆ ಜಾಸ್ತಿ ಜಾಗ ತೋರಿಸುತ್ತದೆ, ಆದರೆ ಎಲ್ಲವನ್ನೂ ಚಿಕ್ಕದಾಗಿ, ದೂರ ಇದ್ದ ಹಾಗೆ ತೋರಿಸುತ್ತದೆ. ಯಾರಾದರೂ ಇದ್ದಾರಾ ಅಂತ ತಿಳಿಯಲು ಅದನ್ನು ನೋಡಿ. ಎಷ್ಟು ದೂರ ಅಂತ ತಿಳಿಯಲು ಒಳಗಿನ ಕನ್ನಡಿ ನೋಡಿ, ಅದು ಸಾಮಾನ್ಯವಾಗಿ ಚಪ್ಪಟೆ ಗಾಜು, ದೂರವನ್ನು ಇದ್ದ ಹಾಗೆ ತೋರಿಸುತ್ತದೆ. ಅಂಗಡಿಯಲ್ಲಿ ಸಿಗುವ ಅಂಟಿಸುವ ಗುಂಡು ಕನ್ನಡಿ ಮುಂಬೈಗೆ ಒಳ್ಳೆಯದೇ, ಎಡಗಡೆಗೆ ಹಾಕಿಸಿಕೊಳ್ಳಿ. ಅದರಲ್ಲಿ ಮಾತ್ರ ದೂರ ಅಳೆಯಲೇಬೇಡಿ. ಹೊಸ ಕಾರುಗಳಲ್ಲಿ ಪಕ್ಕದಲ್ಲಿ ವಾಹನ ಬಂದರೆ ಕನ್ನಡಿಯಲ್ಲಿ ಸಣ್ಣ ದೀಪ ಹೊತ್ತುತ್ತದೆ. ನಿಮ್ಮದರಲ್ಲಿ ಇದ್ದರೆ ಸಂತೋಷ. ದೀಪ ಹೊತ್ತಿದರೆ ಹೋಗಬೇಡಿ. ಹೊತ್ತಿಲ್ಲ ಅಂದ ಮಾತ್ರಕ್ಕೆ ಜಾಗ ಖಾಲಿ ಅಂತ ತಿಳಿಯಬೇಡಿ.

ಈಗ ಕತ್ತಿನ ವಿಷಯಕ್ಕೆ ಬರೋಣ. ಈ ಸಲ ಯಜಮಾನರ ಮಾತೇ ಸರಿ, ಆದರೆ ನಿಮ್ಮ ಡ್ರೈವಿಂಗ್ ಸ್ಕೂಲಿನವರ ಭಯಕ್ಕೂ ಕಾರಣ ಇದೆ. ಹೊಸಬರು ತಿರುಗಿ ನೋಡಿ ಅಂದರೆ ಇಡೀ ಭುಜ ತಿರುಗಿಸಿ ಹಿಂದಿನ ಗಾಜು ನೋಡಲು ಹೋಗುತ್ತಾರೆ. ಭುಜದ ಜೊತೆ ಸ್ಟೇರಿಂಗೂ ತಿರುಗುತ್ತದೆ. ಹಿಂದೆ ನೋಡುವ ಅಗತ್ಯವೇ ಇಲ್ಲ, ಅದನ್ನು ಕನ್ನಡಿ ತೋರಿಸಿದೆ. ಗಲ್ಲವನ್ನು ಭುಜದ ಕಡೆ ತಂದು, ಹಿಂದಿನ ಬಾಗಿಲಿನ ಕಿಟಕಿಯಲ್ಲಿ ಒಂದು ನೋಟ. ಒಂದು ಸೆಕೆಂಡೂ ಬೇಡ. ಆ ಹೊತ್ತಿನಲ್ಲಿ ಕೈ ನೆಟ್ಟಗಿರಬೇಕು. ನಿಂತ ಕಾರಿನಲ್ಲಿ ಕೂತು ಇದನ್ನು ಅಭ್ಯಾಸ ಮಾಡಿ, ಕತ್ತು ಹೊರಳಿದಾಗ ಸ್ಟೇರಿಂಗ್ ಅಲುಗುತ್ತದಾ ನೋಡಿಕೊಳ್ಳಿ. ಕತ್ತು ನೋವು ಇರುವವರು ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಿ ಕನ್ನಡಿ ನೋಡಬಹುದು. ಕಣ್ಣು ಮುಂದೆ ಬಂದಾಗ ಅದೇ ಕನ್ನಡಿ ಮೊದಲು ಕಾಣದ ಜಾಗವನ್ನೂ ತೋರಿಸುತ್ತದೆ. ಎಡಗಡೆಗೆ ಇದು ನನಗೆ ಬಹಳ ಇಷ್ಟದ ಉಪಾಯ.

ಆದರೆ ಕತ್ತು ತಿರುಗಿಸಲು ಒಂದು ಷರತ್ತಿದೆ. ಮುಂದೆ ಜಾಗ ಇರಬೇಕು. 60ರಲ್ಲಿ ಹೋಗುವಾಗ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮುಂದಿನ ಟ್ಯಾಕ್ಸಿಗೆ ಅಂಟಿಕೊಂಡು ಹೋಗುತ್ತಾ ಪಕ್ಕಕ್ಕೆ ನೋಡಿದರೆ, ನೀವು ವಾಪಸ್ ಮುಂದೆ ನೋಡುವಷ್ಟರಲ್ಲಿ ಅವನು ಬ್ರೇಕ್ ಹಾಕಿರಬಹುದು. ಮುಂದಿನ ವಾಹನ ಒಂದು ಲೈಟ್ ಕಂಬ ದಾಟಿದ ಮೇಲೆ ನೀವು ಅದೇ ಕಂಬ ದಾಟಲು ಎರಡು ಮೂರು ಸೆಕೆಂಡ್ ಆಗಬೇಕು. ಆಗದಿದ್ದರೆ ಮೊದಲು ಆಕ್ಸಿಲರೇಟರ್ ಬಿಟ್ಟು ಜಾಗ ಮಾಡಿಕೊಳ್ಳಿ, ಆಮೇಲೆ ಲೇನಿನ ಯೋಚನೆ. ಜಾಗ ಬಿಟ್ಟರೆ ಯಾರೋ ನುಗ್ಗುತ್ತಾರೆ ಅಂತ ನೀವು ಹೇಳುತ್ತೀರಿ. ನುಗ್ಗುತ್ತಾರೆ. ನುಗ್ಗಲಿ. ಮತ್ತೆ ಸ್ವಲ್ಪ ಬಿಡಿ. ಅದರಿಂದ ಆಫೀಸು ತಲುಪುವುದು ತಡವಾಗುವುದಿಲ್ಲ.

ಇಂಡಿಕೇಟರ್ ವಿಷಯದಲ್ಲಿ ನೀವು ಬರೆದ ಸಾಲನ್ನೇ ನೋಡಿ: ‘ಇಂಡಿಕೇಟರ್ ಹಾಕಿ ಎಡಕ್ಕೆ ಎಳೆದೆ’. ಎರಡರ ಮಧ್ಯೆ ಏನೂ ಇಲ್ಲ. ಹಿಂದಿನ ಬೈಕಿನವನಿಗೆ ನಿಮ್ಮ ದೀಪ ಕಂಡು, ಅದು ಅರ್ಥವಾಗಿ, ಅವನು ಬ್ರೇಕ್ ಹಿಡಿಯಬೇಕಾದರೆ ಹೊತ್ತು ಬೇಕು. ಟಿಕ್ ಟಿಕ್ ಅಂತ ನಾಲ್ಕೈದು ಸಲ ಆಗುವವರೆಗೆ ನಿಮ್ಮ ಲೇನಿನಲ್ಲೇ ನೆಟ್ಟಗೆ ಹೋಗಿ. ಆ ಹೊತ್ತಿನಲ್ಲಿ ಕನ್ನಡಿಯನ್ನು ಎರಡನೇ ಸಲ ನೋಡಿ. ಮೊದಲ ಸಲ ಕಂಡ ವಾಹನ ಈಗ ದೊಡ್ಡದಾಗಿದೆಯಾ? ಹಾಗಿದ್ದರೆ ಅವನು ನಿಮಗಿಂತ ಜೋರಾಗಿ ಬರುತ್ತಿದ್ದಾನೆ. ಬಿಡಿ, ಹೋಗಲಿ, ಅವನ ಹಿಂದೆ ಸೇರಿಕೊಳ್ಳಿ. ಅಷ್ಟೇ ಇದ್ದರೆ ಅಥವಾ ಚಿಕ್ಕದಾದರೆ ಆಗ ಆ ಒಂದು ಭುಜದ ನೋಟ, ಆಮೇಲೆ ಸ್ಟೇರಿಂಗ್. ಕತ್ತು ತಿರುಗಿಸುವುದಕ್ಕೂ ಕಾರು ಸರಿಯುವುದಕ್ಕೂ ಮಧ್ಯೆ ಬೇರೆ ಯಾವ ಕೆಲಸವೂ ಬರಬಾರದು.

ಮುಂಬೈಯಲ್ಲಿ ಇಂಡಿಕೇಟರ್ ಹಾಕಿದರೆ ಹಿಂದಿನವನು ಇನ್ನೂ ಜೋರಾಗಿ ಬಂದು ಜಾಗ ಮುಚ್ಚುತ್ತಾನೆ, ಅದಕ್ಕೇ ಹಾಕುವುದಿಲ್ಲ ಅಂತ ಎಷ್ಟೋ ಜನ ನನ್ನ ಹತ್ತಿರ ವಾದ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಅವನು ಜಾಗ ಕೊಡುವವನಲ್ಲ ಅಂತ ನೀವು ಸರಿಯುವ ಮುಂಚೆಯೇ ಗೊತ್ತಾಯಿತಲ್ಲ, ಅದೇ ಲಾಭ. ದೀಪ ಹಾಕದೆ ಸರಿದಿದ್ದರೆ ಅದು ಢಿಕ್ಕಿಯಾದ ಮೇಲೆ ಗೊತ್ತಾಗುತ್ತಿತ್ತು. ಇಂಡಿಕೇಟರ್ ಹಾಕಿದ ತಕ್ಷಣ ದಾರಿ ನಮ್ಮದಾಗುವುದಿಲ್ಲ ಅನ್ನುವುದನ್ನೂ ನೆನಪಿಡಿ. ನಾವು ಕೇಳಿಕೊಂಡಿದ್ದೇವೆ, ಕೊಡುವುದು ಬಿಡುವುದು ಅವರದ್ದು. ಕಾನೂನು ಕೂಡ ಇದನ್ನೇ ಹೇಳುತ್ತದೆ. 1989ರ ಹಳೆಯ ರಸ್ತೆ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸ ಚಾಲನಾ ನಿಯಮಗಳು ಬಂದವು. ಲೇನ್ ಇರುವ ರಸ್ತೆಯಲ್ಲಿ ಲೇನಿನೊಳಗೇ ಹೋಗಬೇಕು, ಸಿಗ್ನಲ್ ಕೊಟ್ಟ ಮೇಲೆಯೇ ಬದಲಿಸಬೇಕು ಅಂತ ಅದರಲ್ಲಿದೆ. ತುಂಡು ತುಂಡು ಬಿಳಿ ಗೆರೆ ಇದ್ದಲ್ಲಿ ಬದಲಿಸಬಹುದು, ಉದ್ದಕ್ಕೂ ಎಳೆದ ಗೆರೆ ಇದ್ದಲ್ಲಿ ಬದಲಿಸಬಾರದು.

ಸರಿಯುವಾಗ ಬ್ರೇಕ್ ಒತ್ತಬೇಡಿ, ಆ ಲೇನಿನ ವೇಗಕ್ಕೆ ಸೇರಿಕೊಳ್ಳಿ. ಒಂದು ಸಲಕ್ಕೆ ಒಂದೇ ಲೇನ್. ಎರಡು ಲೇನ್ ದಾಟಬೇಕಾದರೆ ನಡುವಿನದರಲ್ಲಿ ಸ್ವಲ್ಪ ಹೊತ್ತು ನೆಟ್ಟಗೆ ಹೋಗಿ, ಎಲ್ಲವನ್ನೂ ಮೊದಲಿನಿಂದ ಮಾಡಿ. ಲೇನ್ ಬದಲಿಸಲು ಸ್ಟೇರಿಂಗ್ ತಿರುಗುವುದು ಸ್ವಲ್ಪವೇ, ಹಾಗಾಗಿ ಇಂಡಿಕೇಟರ್ ಎಷ್ಟೋ ಸಲ ತಾನಾಗಿ ಆರುವುದಿಲ್ಲ. ಕೈಯಿಂದ ಆರಿಸಿ. ಸುಮ್ನೆ ಮಿನುಗುತ್ತಿರುವ ದೀಪ ನಂಬಿ ಯಾರೋ ನಿಮ್ಮ ಪಕ್ಕ ನುಗ್ಗಬಹುದು.

ಮುಂಬೈಯಲ್ಲಿ ಎಡಕ್ಕೆ ಸರಿಯುವಾಗ ಬಲಕ್ಕಿಂತ ಎರಡರಷ್ಟು ಎಚ್ಚರ ಬೇಕು ಅಂತ ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಡಿಲಿವರಿ ಹುಡುಗರ ಸ್ಕೂಟರ್, ಆಫೀಸಿಗೆ ಹೊರಟ ಬೈಕು ಎಲ್ಲ ಎಡ ಅಂಚಿನಲ್ಲೇ ಹರಿಯುತ್ತವೆ. ಆ ಅಂಚಿನಲ್ಲಿ ರಿಕ್ಷಾ ನಿಂತಿರುತ್ತದೆ, ಬೆಸ್ಟ್‌ನ ಸಿಟಿ ಬಸ್ ಸ್ಟಾಪಿಗೆ ಸರಿಯುತ್ತದೆ, ಗುಂಡಿ ಇರುತ್ತದೆ. ಅದನ್ನು ತಪ್ಪಿಸಲು ಬೈಕಿನವನು ನಿಮ್ಮ ಕಡೆಗೇ ಬರುತ್ತಾನೆ. ಹಾಗಾಗಿ ಎಡಕ್ಕೆ ಹೋಗುವ ಮುಂಚೆ ಹಿಂದೆ ಮಾತ್ರವಲ್ಲ, ಮುಂದೆ ಎಡಗಡೆಯೂ ನೋಡಿ. ಐವತ್ತು ಮೀಟರ್ ಮುಂದೆ ಬಸ್ ನಿಂತಿದೆಯಾ? ಹಾಗಿದ್ದರೆ ಈಗ ನಿಮ್ಮ ಎಡಗಡೆ ಇರುವ ಬೈಕುಗಳೆಲ್ಲ ಇನ್ನೆರಡು ಸೆಕೆಂಡಿನಲ್ಲಿ ನಿಮ್ಮ ಲೇನಿನಲ್ಲಿರುತ್ತವೆ. ಅವರು ಹೋದ ಮೇಲೆ ನೀವು ಸರಿಯಿರಿ.

ಮಳೆಗಾಲದಲ್ಲಿ ಇದೆಲ್ಲ ಇನ್ನೂ ಕಷ್ಟ. ಹೊರಗಿನ ಕನ್ನಡಿಯ ಮೇಲೆ ಹನಿ ಕೂತರೆ ಬೈಕಿನ ಒಂಟಿ ದೀಪ ಹತ್ತು ದೀಪವಾಗಿ ಒಡೆದು ಕಾಣುತ್ತದೆ. ಒಳಗೆ ಗಾಜು ಮಂಜಾಗುತ್ತದೆ. ಹೊರಡುವ ಮುಂಚೆ ಕನ್ನಡಿ, ಪಕ್ಕದ ಗಾಜು ಒರೆಸಿಕೊಳ್ಳಿ, ಎಸಿ ಹಾಕಿ ಮಂಜು ತೆಗೆಯಿರಿ. ರಸ್ತೆಯ ಗೆರೆ ನೀರಿನಡಿ ಕಾಣದಿದ್ದಾಗ ಲೇನ್ ಬದಲಿಸುವುದನ್ನೇ ಕಡಿಮೆ ಮಾಡಿ.

ಸರ್ವಿಸ್ ರೋಡಿಗೆ ಇಳಿಯುವ ಜಾಗ, ಫ್ಲೈಓವರ್ ಹತ್ತಬೇಕಾ ಕೆಳಗೆ ಹೋಗಬೇಕಾ ಅಂತ ದಾರಿ ಕವಲೊಡೆಯುವ ಜಾಗ, ಇಂಥ ಕಡೆಯಲ್ಲೇ ಜನ ಕಡೇ ಗಳಿಗೆಯಲ್ಲಿ ಸ್ಟೇರಿಂಗ್ ಎಳೆಯುವುದು. ಮ್ಯಾಪಿನ ಅಮ್ಮನ ದನಿ ಬರುವ ಹೊತ್ತಿಗೆ ತಡವಾಗಿರುತ್ತದೆ. ಹೊರಡುವ ಮುಂಚೆಯೇ ಎಲ್ಲಿ ಇಳಿಯಬೇಕು ಅಂತ ನೋಡಿಕೊಂಡು, ಅದಕ್ಕೂ ಬಹಳ ಮೊದಲೇ ಎಡ ಲೇನಿಗೆ ಬಂದುಬಿಡಿ. ತಪ್ಪಿಹೋಯಿತಾ? ಮುಂದೆ ಹೋಗಿ ತಿರುಗಿ ಬನ್ನಿ. ಹತ್ತು ಹದಿನೈದು ನಿಮಿಷ ಹೋಗುತ್ತದೆ. ಹೋಗಲಿ. ನನ್ನ ಹತ್ತಿರ ಕಲಿಯುವವರಿಗೆ ಒಮ್ಮೆಯಾದರೂ ಬೇಕಂತಲೇ ತಿರುವು ತಪ್ಪಿಸಲು ಹೇಳುತ್ತೇನೆ. ತಪ್ಪಿದರೆ ಏನೂ ಆಗುವುದಿಲ್ಲ ಅಂತ ಮೈಗೆ ಗೊತ್ತಾಗಬೇಕು.

ಟ್ರಾಫಿಕ್ ಪೂರ್ತಿ ನಿಂತಾಗಲೂ ಬ್ಲೈಂಡ್ ಸ್ಪಾಟ್ ನಿಂತಿರುವುದಿಲ್ಲ. ಕಾರುಗಳ ಸಾಲಿನ ಮಧ್ಯೆ ಬೈಕುಗಳು ಬರುತ್ತಲೇ ಇರುತ್ತವೆ. ಮೂತಿ ತೂರಿಸಿ ಪಕ್ಕದ ಸಾಲಿಗೆ ಸೇರುವಾಗ ಎರಡೂ ಕಡೆ ನೋಡಿ. ಬಾಗಿಲು ತೆರೆಯುವಾಗಲೂ ಅಷ್ಟೇ. ನೀವು ಎಡಗೈಯಿಂದ ನಿಮ್ಮ ಬಾಗಿಲು ತೆರೆಯುವ ಅಭ್ಯಾಸ ಮಾಡಿಕೊಳ್ಳಿ, ಮೈ ತಾನಾಗಿ ಹಿಂದಕ್ಕೆ ತಿರುಗುತ್ತದೆ, ಬರುವವನು ಕಾಣುತ್ತಾನೆ. ಹಿಂದಿನ ಸೀಟಿನ ಮಕ್ಕಳಿಗೆ ನೀವು ಹೇಳುವವರೆಗೆ ಬಾಗಿಲು ಮುಟ್ಟಬಾರದು ಅಂತ ಕಲಿಸಿ.

ಇನ್ನು ಪುಣೆ. ಧಾರಾಳವಾಗಿ ಓಡಿಸಿಕೊಂಡು ಹೋಗಿ, ಆದರೆ ಅದಕ್ಕೂ ಮುಂಚೆ ಎರಡು ಮೂರು ಭಾನುವಾರ ಬೆಳಿಗ್ಗೆ ಬೇಗ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲೇ ಲೇನ್ ಬದಲಿಸುವ ಅಭ್ಯಾಸ ಮಾಡಿ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಸುಮಾರು 94.5 ಕಿಲೋಮೀಟರ್, 2002ರಲ್ಲಿ ಪೂರ್ತಿಯಾಗಿ ತೆರೆಯಿತು. ಒಂದೊಂದು ಕಡೆಗೆ ಮೂರು ಲೇನ್. ಎಡಗಡೆಯದು ಲಾರಿಗಳಿಗೆ, ನಡುವಿನದು ಕಾರಿಗೆ, ಬಲಗಡೆಯದು ಓವರ್‌ಟೇಕ್ ಮಾಡಲು ಮಾತ್ರ. ಅಲ್ಲಿ ಬೈಕಿಗೆ ಪ್ರವೇಶವಿಲ್ಲ, ನಿಮ್ಮ ಅರ್ಧ ಭಯ ಅಲ್ಲಿಗೇ ಕಡಿಮೆಯಾಗುತ್ತದೆ. ಅದರ ಬದಲು ವೇಗದ ಅಂತರ ಜಾಸ್ತಿ. ಕಾರಿಗೆ ಬಯಲಿನಲ್ಲಿ ಮಿತಿ 100, ಆದರೆ ಮಿತಿ ಮೀರಿ ಬರುವವರು ಇದ್ದೇ ಇರುತ್ತಾರೆ. ನೀವು 80ರಲ್ಲಿ, ಹಿಂದಿನವನು 120ರಲ್ಲಿ ಇದ್ದರೆ ಸೆಕೆಂಡಿಗೆ 11 ಮೀಟರ್ ಹತ್ತಿರ ಬರುತ್ತಾನೆ. ಕನ್ನಡಿಯಲ್ಲಿ ಚುಕ್ಕೆಯಷ್ಟು ಇದ್ದವನು ನಾಲ್ಕೈದು ಟಿಕ್ ಮುಗಿಯುವಷ್ಟರಲ್ಲಿ ದೊಡ್ಡವನಾಗಿರುತ್ತಾನೆ. ಬಲ ಲೇನಿಗೆ ಹೋಗುವ ಮುಂಚೆ ಎರಡು ಸಲ ನೋಡುವ ನಿಯಮ ಅಲ್ಲಿ ಪ್ರಾಣ ಉಳಿಸುತ್ತದೆ. ಓವರ್‌ಟೇಕ್ ಮುಗಿದ ಮೇಲೆ ನಡುವಿನ ಲೇನಿಗೆ ವಾಪಸ್ ಬನ್ನಿ. ಬಲ ಲೇನಿನಲ್ಲೇ ಆರಾಮಾಗಿ ಕೂತವರಿಂದಲೇ ಬೇರೆಯವರು ಎಡದಿಂದ ನುಗ್ಗುವುದು.

ಲಾರಿಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅವರ ಬ್ಲೈಂಡ್ ಸ್ಪಾಟ್ ನಿಮ್ಮದಕ್ಕಿಂತ ಎಷ್ಟೋ ದೊಡ್ಡದು: ಮೂತಿಯ ಕೆಳಗೆ ಮುಂದೆ, ಬೆನ್ನ ಹಿಂದೆ, ಎರಡೂ ಪಕ್ಕದಲ್ಲಿ, ಅದರಲ್ಲೂ ಡ್ರೈವರಿಗೆ ದೂರವಾದ ಎಡಪಕ್ಕದಲ್ಲಿ. ಲಾರಿಯ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ಅವನಿಗೆ ನೀವೂ ಕಾಣುತ್ತಿಲ್ಲ. ಅವನ ಪಕ್ಕದಲ್ಲೇ ಸಮವಾಗಿ ಓಡಿಸಬೇಡಿ. ಮುಂದೆ ಹೋಗಲು ಜಾಗ ಇದ್ದರೆ ಒಂದೇ ಉಸಿರಿಗೆ ದಾಟಿ, ಇಲ್ಲದಿದ್ದರೆ ಹಿಂದೆಯೇ ಇರಿ. ದಾಟಿದ ಮೇಲೆ ಒಳಗಿನ ಕನ್ನಡಿಯಲ್ಲಿ ಲಾರಿಯ ಮೂತಿ ಪೂರ್ತಿ, ಎರಡೂ ಹೆಡ್‌ಲೈಟ್ ಮತ್ತು ಅದರಡಿಯ ರಸ್ತೆ ಸಮೇತ ಕಾಣುವವರೆಗೆ ಅದರ ಮುಂದೆ ಬರಬೇಡಿ. ಲೋಡ್ ತುಂಬಿದ ಲಾರಿ ನಿಮ್ಮ ಕಾರಿನ ಹಾಗೆ ಗಕ್ಕನೆ ನಿಲ್ಲುವುದಿಲ್ಲ.

ಖಾಲಾಪುರ ಟೋಲ್ ಹತ್ತಿರ ಬರುವಾಗ ಎಲ್ಲರೂ ಚಿಕ್ಕ ಸಾಲು ಹುಡುಕಿ ಅತ್ತಿತ್ತ ಹಾರುತ್ತಾರೆ. ನೀವು ದೂರದಿಂದಲೇ ಒಂದು ಸಾಲು ಹಿಡಿದು ಅದರಲ್ಲೇ ಇರಿ. ಖೋಪೋಲಿ ದಾಟಿ ಘಾಟ್ ಶುರುವಾದರೆ ಕಾರಿನ ಮಿತಿ 60. ಏರಿನಲ್ಲಿ ಲಾರಿಗಳು ತೆವಳುತ್ತವೆ, ಕೆಲವು ನಡುವಿನ ಲೇನಿಗೂ ಬಲ ಲೇನಿಗೂ ಬಂದಿರುತ್ತವೆ. ಸಿಟ್ಟಿನಲ್ಲಿ ಎಡಬಲ ತೂರಿಕೊಂಡು ಹೋಗಬೇಡಿ. ತಿರುವಿನಲ್ಲಿ ಕನ್ನಡಿ ಪಕ್ಕದ ಲೇನನ್ನು ಬಿಟ್ಟು ಗುಡ್ಡವನ್ನೋ ಡಿವೈಡರನ್ನೋ ತೋರಿಸುತ್ತದೆ, ಅಲ್ಲಿ ಲೇನ್ ಬದಲಿಸುವುದು ಕಣ್ಣು ಕಟ್ಟಿಕೊಂಡು ಹೋದಂತೆಯೇ. ಭಾತಾಣ, ಮಾಡಪ್ ಸುರಂಗಗಳ ಒಳಗೂ ಬೇಡ. ಬಿಸಿಲಿನಿಂದ ಒಳಗೆ ನುಗ್ಗಿದಾಗ ಕಣ್ಣು ಹೊಂದಿಕೊಳ್ಳಲು ಒಂದೆರಡು ಗಳಿಗೆ ಬೇಕು. ದಾರಿಯುದ್ದಕ್ಕೂ ಕ್ಯಾಮೆರಾ ಇವೆ, ಲೇನ್ ತಪ್ಪಿದರೂ ಚಲನ್ ಬರುತ್ತದೆ.

ಮುಂದೆ ಯಾವತ್ತಾದರೂ ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ವಾಪಸ್ ಬರುವುದಿದ್ದರೆ ಪುಣೆ ಹತ್ತಿರದ ಕಾತ್ರಜ್‌ನ ಹೊಸ ಸುರಂಗ ದಾಟಿ ನವಲೆ ಸೇತುವೆಗೆ ಇಳಿಯುವ ಇಳಿಜಾರು ನೆನಪಿರಲಿ. ಬ್ರೇಕ್ ಹಿಡಿಯದ ಲಾರಿಗಳು ಅಲ್ಲಿ ಬಹಳ ಸಲ ಮುಂದಿನ ಕಾರುಗಳ ಮೇಲೆ ನುಗ್ಗಿವೆ. ಆ ಇಳಿಜಾರಿನಲ್ಲಿ ಲಾರಿಯ ಮುಂದೆ ಲೇನ್ ಬದಲಿಸಲೇಬೇಡಿ. ಒಳಗಿನ ಕನ್ನಡಿಯನ್ನು ಪದೇ ಪದೇ ನೋಡುತ್ತಿರಿ.

ಹೊರಡುವ ದಿನ ತಂಗಿಗೆ ಅಂತ ತುಂಬಿದ ಸಾಮಾನು ಹಿಂದಿನ ಗಾಜಿಗಿಂತ ಎತ್ತರ ಇರಬಾರದು. ಹಿಂದಿನ ಗಾಜಿನ ಹತ್ತಿರ ದಿಂಬು, ಗೊಂಬೆ ಇಟ್ಟಿದ್ದರೆ ತೆಗೆಯಿರಿ. ಯಜಮಾನರು ಪಕ್ಕದಲ್ಲಿ ಕೂತು, ನೀವು ಎಡಕ್ಕೆ ಸರಿಯಬೇಕು ಅಂದಾಗ ತಾವೂ ಮುಂದೆ ಬಾಗಿ ನೋಡಿ ‘ಬಾ ಬಾ, ಖಾಲಿ ಇದೆ’ ಅನ್ನುತ್ತಾರೆ, ಅಲ್ವಾ? ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಬಾಗಿದಾಗ ಅವರ ತಲೆಯೇ ನಿಮ್ಮ ಎಡ ಕನ್ನಡಿಗೆ ಅಡ್ಡ. ಅವರು ಖಾಲಿ ಅಂದದ್ದು ಅವರ ಕಣ್ಣಿಗೆ ಕಂಡ ಜಾಗ, ಅವರು ಹೇಳಿದ ಗಳಿಗೆಯಲ್ಲಿ. ಬೆನ್ನು ಸೀಟಿಗೆ ಒರಗಿಸಿ ಕೂರಲು ಹೇಳಿ. ಅವರಿಗೆ ಬೋರ್ಡ್ ನೋಡುವ ಕೆಲಸ ಕೊಡಿ. ತಂಗಿಯ ಮನೆಗೆ ಎಲ್ಲಿ ಇಳಿಯಬೇಕೋ ಅದನ್ನು ಎರಡು ಕಿಲೋಮೀಟರ್ ಮುಂಚೆಯೇ ಹೇಳಲಿ. ನೀವು ಒಂದೊಂದೇ ಲೇನ್ ದಾಟಿ ಎಡಕ್ಕೆ ಬರಲು ಅಷ್ಟು ದೂರ ಬೇಕೇ ಬೇಕು.